ಮೊದಲು ಜಾಗ, ಆಮೇಲೆ ಗಾಳ

ಗಾಳದ ಬಗ್ಗೆ ಮಾತನಾಡಲು ಬಂದವನಿಗೆ ಎದುರಾಗುವ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ದಾರ ಸುತ್ತುವ ರೀಲು ಯಾವುದು ಕೊಳ್ಳಬೇಕು? ಈಗ ಒಳಗೆ ಬರುವಾಗಲೂ ಇಬ್ಬರು ಕೇಳಿದರು. ಅವರಿಗೆ ಉತ್ತರ ಕೊಡುತ್ತೇನೆ, ಆದರೆ ಸ್ವಲ್ಪ ತಡೆದು. ಏಕೆಂದರೆ ಎಂಟು ಸಾವಿರದ ರೀಲು ಹಿಡಿದು ಮೀನೇ ನಿಲ್ಲದ ನೀರಿಗೆ ಬೆಳಗಿನಿಂದ ಬೈಗಿನವರೆಗೆ ಎಸೆಯುವವರನ್ನು ನೀವೂ ನೋಡಿದ್ದೀರಿ. ಅವರ ಪಕ್ಕದಲ್ಲೇ ವಾಟೆಬಿದಿರಿನ ಕೋಲಿಗೆ ತಂಗೂಸಿ ಎನ್ನುವ ನೈಲಾನ್ ದಾರ ಕಟ್ಟಿಕೊಂಡ ಹುಡುಗನೊಬ್ಬ ರಾತ್ರಿಯ ಸಾರಿಗಾಗುವಷ್ಟು ಹಿಡಿದು ಎದ್ದು ಹೋಗುವುದನ್ನೂ ನೋಡಿದ್ದೀರಿ. ಮೀನು ಎಲ್ಲಿ ನಿಲ್ಲುತ್ತದೆ ಎನ್ನುವುದು ಆ ಹುಡುಗನಿಗೆ ಗೊತ್ತು. ನದಿಯಾಗಲಿ ಹಳ್ಳವಾಗಲಿ ಕಡಲಾಗಲಿ, ನಾನು ಹೇಳಬೇಕೆಂದಿರುವುದೆಲ್ಲ ಅದರ ಸುತ್ತಲೇ ಇದೆ.

ಹರಿಯುವ ನೀರಿನಲ್ಲಿ ಒಂದೇ ಕಡೆ ನಿಂತಿರಬೇಕಾದರೂ ಮೀನು ಈಜುತ್ತಲೇ ಇರಬೇಕು. ಈಜಿದಷ್ಟೂ ಮೈ ಸವೆಯುತ್ತದೆ. ಆದ್ದರಿಂದ ಸೆಳವು ಕಡಿಮೆ ಇರುವ ಜಾಗ ಅದಕ್ಕೆ ಬೇಕು. ಆದರೆ ತಿನಿಸು ತೇಲಿಬರುವುದು ಸೆಳವಿನಲ್ಲಿ. ಹಾಗಾಗಿ ಅದು ಸೆಳವಿನ ನಡುವೆಯೂ ನಿಲ್ಲುವುದಿಲ್ಲ, ತೀರಾ ದೂರವೂ ಹೋಗುವುದಿಲ್ಲ. ಒಮ್ಮೆ ಬಾಲ ಬಡಿದು ತಿನಿಸು ಹಿಡಿದು ಮರಳಿ ಬರಬಹುದಾದ ಅಂಚಿನಲ್ಲಿ ನಿಲ್ಲುತ್ತದೆ. ಇದರ ಮೇಲೆ ನೀರುಕಾಗೆ, ನೀರುನಾಯಿಗಳ ಭಯ ಬೇರೆ ಇರುವುದರಿಂದ ಹತ್ತಿರದಲ್ಲೇ ಒಂದು ಮರೆಯೂ ಬೇಕು. ಇವೆಲ್ಲ ಒಟ್ಟಿಗೆ ಸಿಗುವ ಜಾಗಗಳು ಒಂದು ಕಿಲೋಮೀಟರ್ ನದಿಯಲ್ಲಿ ನೀವು ಅಂದುಕೊಂಡಷ್ಟು ಇರುವುದಿಲ್ಲ. ಉಳಿದ ನೀರೆಲ್ಲ ಹೆಚ್ಚುಕಡಿಮೆ ಖಾಲಿ.

ಇದನ್ನು ಗಾಳವಿಲ್ಲದೆ ಕಲಿಯುವ ಜಾಗಗಳೂ ನಮ್ಮಲ್ಲಿವೆ. ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ಹಾಕುವವರೆಲ್ಲ ಮೀನಿನ ಗಾತ್ರ ನೋಡಿ ಬೆರಗಾಗಿ ಎದ್ದು ಹೋಗುತ್ತಾರೆ. ನೀವು ಮಾತ್ರ ಮಂಡಕ್ಕಿ ಮುಗಿದ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತಿರಿ. ಗದ್ದಲ ಇಳಿದ ಮೇಲೆ ಮೀನುಗಳು ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಎಲ್ಲದರ ಮೂತಿಯೂ ನೀರು ಬರುವ ಕಡೆಗೆ. ದೊಡ್ಡವು ಒಳ್ಳೆಯ ಜಾಗ ಹಿಡಿದಿರುತ್ತವೆ, ಸಣ್ಣವು ಬದಿಗೆ ಸರಿದಿರುತ್ತವೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲೆಯ ನೀರು ತಿಳಿಯಾಗಿರುವ ತಿಂಗಳುಗಳಲ್ಲಿ ಇದು ಇನ್ನೂ ಚೆನ್ನಾಗಿ ಕಾಣುತ್ತದೆ. ಅವು ದೇವರ ಮೀನು. ಅಲ್ಲಿ ಗಾಳದ ಮಾತೇ ಬೇಡ. ನೋಡುವುದಕ್ಕೆ ಯಾರ ಅಡ್ಡಿಯೂ ಇಲ್ಲ.

ಈಗ ಕಾವೇರಿಗೆ ಬರೋಣ. ಶಿವನಸಮುದ್ರದಲ್ಲಿ ಧುಮುಕಿದ ನದಿ ಭೀಮೇಶ್ವರಿ, ಮುತ್ತತ್ತಿ, ಗಾಳಿಬೋರೆ ದಾಟಿ ಸಂಗಮದವರೆಗೆ ಬಂಡೆಗಳ ನಡುವೆ ಹರಿಯುತ್ತದೆ. ರಭಸದ ನೀರು, ಅದರ ಕೆಳಗೊಂದು ಆಳದ ಮಡು, ಮಡುವಿನ ಕೊನೆಯಲ್ಲಿ ತೆಳುವಾಗಿ ಹರಡುವ ನೀರು, ಮತ್ತೆ ರಭಸ. ನಮ್ಮ ಬಹುತೇಕ ನದಿಗಳ ನಡೆ ಹೀಗೆಯೇ. ಹೊಸಬರು ಮಡುವಿನ ನಟ್ಟನಡುವೆ ಎಸೆಯುತ್ತಾರೆ, ಅಲ್ಲಿ ಆಳ ಹೆಚ್ಚು ಎಂದು. ಬಿಸಿಲೇರಿದ ಮೇಲೆ ದೊಡ್ಡ ಮೀನು ಅಲ್ಲಿರುವುದೂ ನಿಜವೇ. ಆದರೆ ಅದು ಅಲ್ಲಿ ತಿನ್ನಲು ಇರುವುದಿಲ್ಲ. ಮೇಯಲು ಬರುವುದು ರಭಸದ ನೀರು ಮಡುವಿಗೆ ಬೀಳುವ ಬಾಯಿಗೆ ಮತ್ತು ಮಡು ಮುಗಿಯುವ ತೆಳು ನೀರಿಗೆ. ಅದೂ ಬೆಳಗಿನ ಜಾವದಲ್ಲಿ, ಇಲ್ಲವೇ ಹೊತ್ತು ಇಳಿದ ಮೇಲೆ. ನೀರಿನ ನಡುವೆ ಬಂಡೆಯಿದ್ದರೆ ಅದರ ಹಿಂದಿನ ಸೆಳವಿಲ್ಲದ ನೀರನ್ನು ಎಲ್ಲರೂ ಗುರುತಿಸುತ್ತಾರೆ. ಆದರೆ ಬಂಡೆಯ ಮುಂದೆಯೂ ಒಂದು ಮೆತ್ತನೆಯ ಜಾಗ ಇರುತ್ತದೆ. ಬಂದ ನೀರು ಬಂಡೆಗೆ ಬಡಿದು ಎರಡಾಗಿ ಸೀಳುವ ಮುನ್ನ ಅಲ್ಲಿ ತುಸು ತಡೆಯುತ್ತದೆ. ತಿನಿಸು ಮೊದಲು ಸಿಗುವುದು ಅಲ್ಲಿ ನಿಂತವನಿಗೆ.

ಈ ಭಾಗದಲ್ಲಿ ಇನ್ನೊಂದು ವಿಷಯವಿದೆ. ಮೇಲಿನ ವಿದ್ಯುತ್ ಕೇಂದ್ರಗಳಿಂದ ನೀರು ಬಿಟ್ಟಂತೆ, ನಿಲ್ಲಿಸಿದಂತೆ ನದಿಯ ಮಟ್ಟ ಏರಿಳಿಯುತ್ತದೆ. ಮಟ್ಟ ಬದಲಾಗುವಾಗ ಮೀನೂ ಜಾಗ ಬದಲಿಸುತ್ತದೆ. ತಟಸ್ಥವಾಗಿದ್ದದ್ದು ಆಗ ಮೇಯಲು ಶುರು ಮಾಡುವುದುಂಟು. ಕೂತ ಕೂಡಲೇ ನೀರಿನ ಅಂಚಿಗೆ ಸರಿಯಾಗಿ ಒಂದು ಕಲ್ಲಿಡಿ. ಕಾಲು ಗಂಟೆಗೊಮ್ಮೆ ನೋಡಿ. ಕಲ್ಲು ಮುಳುಗುತ್ತಿದ್ದರೆ ಜಾಗ ಬಿಟ್ಟು ಮೇಲಕ್ಕೆ ಬನ್ನಿ. ನಡುಬಂಡೆಗೆ ದಾಟಿ ಕೂತವರು ಮರಳಿ ಬರಲಾಗದೆ ಸಿಕ್ಕಿಹಾಕಿಕೊಳ್ಳುವುದು ಹೀಗೆಯೇ. ಮೊಸಳೆಯೂ ಇರುವ ನೀರು ಅದು, ಮೊಣಕಾಲುದ್ದ ಇಳಿದು ನಿಲ್ಲುವ ಶೋಕಿ ಬೇಡ.

ಎರೆಯ ವಿಷಯ. ಕಾವೇರಿಯ ದೊಡ್ಡ ಮೀನಾದ ಮಹಶೀರ್‌ಗೆ ಹೆಸರಾದ ಎರೆ ನಮ್ಮ ರಾಗಿ. ವಿದೇಶದಿಂದ ಬಂದ ಶಿಕಾರಿಗಳು ಹೊಳೆಯುವ ಸ್ಪೂನು, ಬಣ್ಣದ ಮರದ ಮೀನು ಎಲ್ಲ ಪೆಟ್ಟಿಗೆಯಲ್ಲಿ ಹೊತ್ತು ತಂದರೂ ಹರಿಗೋಲಿನ ಜನ ಅವರ ಕೈಗೆ ಕೊಟ್ಟದ್ದು ರಾಗಿ ಉಂಡೆಯನ್ನು. ಊಟದ ಮುದ್ದೆಯನ್ನೇ ಗಾಳಕ್ಕೆ ಸಿಕ್ಕಿಸಿದರೆ ಎರಡು ನಿಮಿಷದಲ್ಲಿ ಕರಗಿ ಹೋಗುತ್ತದೆ. ಇದರ ಹದ ಬೇರೆ. ಹಿಟ್ಟನ್ನು ತಣ್ಣೀರಿನಲ್ಲಿ ಗಟ್ಟಿಯಾಗಿ ಕಲಸಿ ಉಂಡೆ ಕಟ್ಟಬೇಕು. ಕುದಿಯುವ ನೀರಿಗೆ ಬಿಟ್ಟು ಒಳಗಿನವರೆಗೂ ಬೇಯಿಸಬೇಕು. ತೆಗೆದ ಮೇಲೆ ಕೈ ಸುಡುವಷ್ಟು ಬಿಸಿ ಇರುವಾಗಲೇ ಒಡೆದು, ಹಸಿ ಹಿಟ್ಟು ಎಲ್ಲೂ ಉಳಿಯದಂತೆ ನಾದಬೇಕು. ನಾದುತ್ತಾ ಹೋದಂತೆ ಅದು ರಬ್ಬರಿನ ಹಾಗೆ ಎಳೆದುಕೊಳ್ಳುತ್ತದೆ. ನಿಂಬೆಹಣ್ಣಿನ ಗಾತ್ರಕ್ಕೆ ಮಾಡಿ, ಗಾಳದ ತುದಿ ಮಾತ್ರ ಹೊರಗೆ ಇಣುಕುವಂತೆ ಸುತ್ತ ಒತ್ತಿದರೆ ಸೆಳವಿನಲ್ಲೂ ಬಹಳ ಹೊತ್ತು ನಿಲ್ಲುತ್ತದೆ. ಕೆಲವರು ಬೆಲ್ಲ, ಮಸಾಲೆ, ಇಂಗು ಎಂದೆಲ್ಲ ಸೇರಿಸಿ ಗುಟ್ಟು ಮಾಡುತ್ತಾರೆ. ನನ್ನ ಮಟ್ಟಿಗೆ ಹದ ಮುಖ್ಯ, ಘಮ ಆಮೇಲೆ. ಉಂಡೆ ಅಷ್ಟು ದೊಡ್ಡದೇಕೆ ಎಂದರೆ, ಸಣ್ಣ ಮೀನು ಕಿತ್ತು ಮುಗಿಸದಿರಲಿ ಎಂದು. ಮಹಶೀರ್‌ನ ದವಡೆಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಿನಲ್ಲಿ. ಉಂಡೆಯನ್ನು ಒಳಕ್ಕೆ ಎಳೆದುಕೊಂಡು ಅಲ್ಲಿ ಜಜ್ಜುತ್ತದೆ. ತೆಳು ಗಾಳ ಆ ಹಿಡಿತಕ್ಕೆ ಸೊಟ್ಟಗಾಗುತ್ತದೆ.

ಯಾವ ಮೀನಿಗೆ ಯಾವ ತಿನಿಸು ಎನ್ನುವ ಚಿಂತೆ ನಮ್ಮಲ್ಲಿ ಇಂದು ನಿನ್ನೆಯದಲ್ಲ ಎನ್ನಲು ಒಂದು ಉದಾಹರಣೆ ಹೇಳಿ ಮುಂದೆ ಹೋಗುತ್ತೇನೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ಸಾಲಿನಲ್ಲಿ ಮತ್ಸ್ಯವಿನೋದವೂ ಇದೆ. ಮೀನಿನ ಜಾತಿಗಳು, ಅವಕ್ಕೆ ಹಾಕುವ ಆಹಾರ, ಕೋಲು, ದಾರ, ಗಾಳ ಎಲ್ಲವನ್ನೂ ಅರಸ ಕೂತು ಬರೆದಿದ್ದಾನೆ. ಹೊಟ್ಟೆಪಾಡಿಗಲ್ಲದೆ ಖುಷಿಗೆ ಗಾಳ ಹಾಕುವುದು ಬ್ರಿಟಿಷರು ತಂದ ಚಟ ಎನ್ನುವವರಿಗೆ ಇದನ್ನು ಹೇಳಿ.

ಬ್ರಿಟಿಷರ ಕಾಲದ ಲೆಕ್ಕವೂ ಸಾಮಾನ್ಯದ್ದಲ್ಲ. ಪ್ರಾಣಿಗಳ ಚರ್ಮ ಹದ ಮಾಡಿ ತುಂಬುವ ಕೆಲಸಕ್ಕೆ ಹೆಸರಾಗಿದ್ದ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್ ತೂಗಿತು. ಅಂದರೆ 54 ಕಿಲೋಗೂ ಮಿಕ್ಕಿ. ಆ ದಾಖಲೆಯ ಸುದ್ದಿ ಇಂದಿಗೂ ಗಾಳಗಾರರ ಬಾಯಲ್ಲಿದೆ. ಆ ಜಾತಿಗೆ ಮುಂದೆ ಏನಾಯಿತು ಎನ್ನುವುದಕ್ಕೆ ಕೊನೆಯಲ್ಲಿ ಬರುತ್ತೇನೆ.

ಈಗ ರೀಲು. ನಡುಗಾತ್ರದ ಸ್ಪಿನ್ನಿಂಗ್ ರೀಲು ಒಂದು ಸಾಕು. ಹಳ್ಳ ಬಿಟ್ಟು ಉಳಿದೆಡೆ ಬಹುಪಾಲು ಕೆಲಸ ಅದರಲ್ಲಿ ಆಗುತ್ತದೆ. ಹಣ ಹಾಕುವುದಿದ್ದರೆ ದಾರಕ್ಕೆ ಮತ್ತು ಗಾಳಕ್ಕೆ ಹಾಕಿ, ಮೀನಿಗೂ ನಿಮಗೂ ನಡುವೆ ಇರುವುದು ಅವೇ. ಹಳ್ಳದ ಸಣ್ಣ ಮೀನಿಗೆ ಐದಾರು ಪೌಂಡ್ ತಡೆಯುವ ದಾರ, ಕೆರೆಯ ಕಾಟ್ಲಾ, ರೋಹು, ಗೆಂಡೆಗಳಿಗೆ 15 ಪೌಂಡ್, ಬಂಡೆಗಳಿರುವ ನದಿಗೂ ಅಳಿವೆಗೂ 30. ರೀಲಿನಲ್ಲಿ ಡ್ರ್ಯಾಗ್ ಎನ್ನುವ ತಿರುಗಣೆ ಇರುತ್ತದಲ್ಲ, ದಾರ ಎಷ್ಟು ಬಿಗಿಗೆ ಬಿಟ್ಟುಕೊಡಬೇಕು ಎನ್ನುವುದನ್ನು ನಿರ್ಧರಿಸುವುದು, ಅದನ್ನು ಬೆರಳಿನ ಅಂದಾಜಿನಲ್ಲಿ ಬಿಗಿಯಬೇಡಿ. ತರಕಾರಿ ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಎಳೆಯಿರಿ. ದಾರದ ಶಕ್ತಿಯ ಕಾಲು ಭಾಗಕ್ಕೆ ರೀಲು ತಿರುಗಲು ಶುರುವಾಗಬೇಕು. ದಾರ ತುಂಡಾಯಿತು, ಅಂಥ ಮೀನು ಎಂದು ಕೈ ಅಗಲಿಸಿ ತೋರಿಸುವ ಕಥೆಗಳಲ್ಲಿ ಅರ್ಧಕ್ಕರ್ಧ ಡ್ರ್ಯಾಗ್ ಬಿಗಿಯಾಗಿದ್ದ ಕಥೆಗಳು.

ಉಳಿದರ್ಧ ಗಂಟಿನ ಕಥೆಗಳು. ಒಂದೇ ಗಂಟು ಕಲಿತರೂ ಸರಿಯಾಗಿ ಕಲಿಯಿರಿ. ತಂಗೂಸಿಯ ತುದಿಯನ್ನು ಗಾಳದ ಕಣ್ಣಿನಲ್ಲಿ ತೂರಿಸಿ. ಅದೇ ದಾರದ ಸುತ್ತ ಐದು ಸುತ್ತು ಹಾಕಿ. ತುದಿಯನ್ನು ಹಿಂದಕ್ಕೆ ತಂದು ಗಾಳದ ಕಣ್ಣಿಗೆ ತಾಗಿದಂತಿರುವ ಸಣ್ಣ ಕುಣಿಕೆಯೊಳಗೆ ದಾಟಿಸಿ, ಆಗ ಉಂಟಾಗುವ ದೊಡ್ಡ ಕುಣಿಕೆಯೊಳಗೂ ದಾಟಿಸಿ. ಬಿಗಿಯುವ ಮುನ್ನ ಎಂಜಲು ಹಚ್ಚಿ ನಿಧಾನವಾಗಿ ಎಳೆಯಿರಿ. ಒಣ ನೈಲಾನ್ ಉಜ್ಜಿಕೊಂಡಾಗ ಬಿಸಿಯಾಗಿ ಅಲ್ಲೇ ಸೊರಗುತ್ತದೆ. ಸುತ್ತುಗಳು ಒಂದರ ಮೇಲೊಂದು ಹತ್ತದೆ ಒಟ್ಟೊಟ್ಟಿಗೆ ಕೂತಿದ್ದರೆ ಗಂಟು ಸರಿ. ಹತ್ತಿದ್ದರೆ ಕತ್ತರಿಸಿ ಮತ್ತೆ ಕಟ್ಟಿ.

ಹಳ್ಳದ ಕಡೆಗೆ ಹೋಗೋಣ. ಮಲೆನಾಡಿನ ಹಳ್ಳಕ್ಕೆ ವಾಟೆಕೋಲು, ಜೋಳದ ದಂಟಿನ ಬೆಂಡು, ಎರೆಹುಳು, ಸಣ್ಣ ಗಾಳ. ಇದಕ್ಕಿಂತ ಚೆನ್ನಾದ ಸಲಕರಣೆ ಇನ್ನೂ ಅಂಗಡಿಗೆ ಬಂದಿಲ್ಲ ಎಂದು ಹಠ ಹಿಡಿದು ಹೇಳುವವನು ನಾನು. ಅಲ್ಲಿ ಸಲಕರಣೆಗಿಂತ ನಡಿಗೆ ಮುಖ್ಯ. ಮೀನು ಮೂತಿಯನ್ನು ನೀರು ಬರುವ ಕಡೆಗೆ ಹಾಕಿ ನಿಂತಿರುವುದರಿಂದ ಕೆಳಗಡೆಯಿಂದ ಮೇಲಕ್ಕೆ ಹೋಗಿ. ನೆರಳು ನೀರಿನ ಮೇಲೆ ಬೀಳದಿರಲಿ. ಮೀನಿನ ಎರಡೂ ಪಕ್ಕದಲ್ಲಿ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಓಡುವುದನ್ನು ನೋಡಿರುತ್ತೀರಿ. ನೀರಿನ ಅದಿರಾಟವೆಲ್ಲ ಅದಕ್ಕೆ ಆ ಗೆರೆಯಲ್ಲಿ ತಿಳಿಯುತ್ತದೆ. ನೀವು ಪಿಸುಗುಟ್ಟುತ್ತಾ ಬಂದು ದಡದ ಮೇಲೆ ಧೊಪ್ಪನೆ ಚೀಲ ಹಾಕಿದರೆ ಪಿಸುಮಾತಿನ ಸಾಹಸವೆಲ್ಲ ವ್ಯರ್ಥ.

ನಿಂತ ನೀರಿನ, ಜೊಂಡಿನ ಮೀನು ಕೊರವ. ಅದು ಆಗಾಗ ಮೇಲೆ ಬಂದು ಗಾಳಿ ಕುಡಿದು ಹೋಗಲೇಬೇಕು. ಹಾಗಾಗಿ ಎಲ್ಲಿದೆ ಎನ್ನುವುದನ್ನು ತಾನೇ ಹೇಳಿಬಿಡುತ್ತದೆ. ಜೀವಂತ ಕಪ್ಪೆಯನ್ನು ಗಾಳಕ್ಕೆ ಚುಚ್ಚುವ ಹಳೆಯ ಕ್ರಮ ಈಗ ಬೇಡ. ಪಾಚಿಯ ಮೇಲೆ ಸಿಕ್ಕಿಕೊಳ್ಳದೆ ಜಾರುವ ರಬ್ಬರ್ ಕಪ್ಪೆ ಸಿಗುತ್ತದೆ, ಕೊರವ ಅದಕ್ಕೂ ಅಷ್ಟೇ ಸಿಟ್ಟಿನಿಂದ ಎರಗುತ್ತದೆ. ಒಂದು ಮಾತು: ನೀರಿನ ಮೇಲೆ ಕೆಂಪು ಮರಿಗಳ ಹಿಂಡು ಕುದಿಯುವಂತೆ ಏಳುತ್ತಿದ್ದರೆ ಅದರ ಅಡಿಯಲ್ಲೇ ತಂದೆತಾಯಿ ಕಾವಲಿರುತ್ತವೆ. ಅಲ್ಲಿ ಎಸೆದರೆ ಮೀನು ಸಿಗುವುದು ಖಚಿತ. ಆದ್ದರಿಂದಲೇ ಎಸೆಯಬಾರದು. ಕಾವಲು ಹೋದ ಮರಿಗಳನ್ನು ಉಳಿದ ಮೀನುಗಳು ನುಂಗಿ ಮುಗಿಸುತ್ತವೆ.

ಹತ್ತುಮೀನಿನ ವಿಷಯದಲ್ಲೂ ನನ್ನ ನಿಲುವು ಅದೇ. ಮುಂಗಾರಿನ ಮೊದಲ ಜೋರು ಮಳೆಗೆ ಹಳ್ಳ ಕೆಂಪಾಗಿ ಹರಿದಾಗ ಮೀನುಗಳು ಮೊಟ್ಟೆಯಿಡಲು ಗದ್ದೆಯ ಕಡೆಗೆ ಹತ್ತುತ್ತವೆ. ಕೂಳಿ ಎನ್ನುವ ಬಿದಿರಿನ ಬೋನಿಟ್ಟು, ಟಾರ್ಚ್ ಹಿಡಿದು ಹಿಡಿಯುವುದು ಊರಿನ ಹಳೆಯ ರೂಢಿ. ವರ್ಷಕ್ಕೊಮ್ಮೆ ಮನೆಯ ಸಾರಿಗೆ ಹಿಡಿಯುವ ರೈತನಿಗೆ ಬುದ್ಧಿ ಹೇಳಲು ನಾನು ಯಾರೂ ಅಲ್ಲ. ಆದರೆ ಬೆಂಗಳೂರಿನಿಂದ ಜೀಪು ತುಂಬ ಹೋಗಿ, ಹೊಟ್ಟೆ ತುಂಬ ಮೊಟ್ಟೆಯಿರುವ ಮೀನನ್ನು ಮೂಟೆ ಕಟ್ಟಿ ತಂದು ಫೋಟೊ ಹಾಕುವವರನ್ನು ಗಾಳಗಾರರ ಲೆಕ್ಕಕ್ಕೆ ಸೇರಿಸಲು ನನಗೆ ಮನಸ್ಸಿಲ್ಲ.

ಇನ್ನು ಕಡಲು. ನದಿಯಲ್ಲಿ ನೀರು ಒಂದೇ ಕಡೆಗೆ ಹರಿಯುತ್ತದೆ. ಕಡಲಿನಲ್ಲಿ ದಿನಕ್ಕೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು. ನಿಮಗೆ ಭಾನುವಾರ ರಜೆ ಎನ್ನುವುದು ಮೀನಿಗೆ ಗೊತ್ತಿಲ್ಲ. ಉಬ್ಬರ ಇಳಿತದ ವೇಳಾಪಟ್ಟಿ ನೋಡಿ ಹೊರಡಿ. ನೀರು ಚಲಿಸುತ್ತಿರುವಾಗ ಮೀನು ಮೇಯುತ್ತದೆ. ಏರಿ ನಿಂತಾಗ, ಇಳಿದು ನಿಂತಾಗ ನೀವು ಬುತ್ತಿ ಬಿಚ್ಚಿ.

ಬರಿಯ ಮರಳಿನ ದಡದಲ್ಲಿ ಎಲ್ಲಿ ಎಸೆಯುವುದು? ಮರವಂತೆಗೆ ಹೋಗಿ ನೋಡಿ. ಹೆದ್ದಾರಿಯ ಒಂದು ಮಗ್ಗುಲಲ್ಲಿ ಕಡಲು, ಇನ್ನೊಂದು ಮಗ್ಗುಲಲ್ಲಿ ಸೌಪರ್ಣಿಕಾ. ರಸ್ತೆಯ ಎತ್ತರದಲ್ಲಿ ನಿಂತು ಕಡಲನ್ನು ಹತ್ತು ನಿಮಿಷ ಸುಮ್ಮನೆ ನೋಡಿ. ಕೆಲವು ಕಡೆ ಅಲೆ ದೂರದಲ್ಲೇ ಒಡೆದು ಬೆಳ್ಳಗೆ ನೊರೆಯಾಗುತ್ತದೆ. ಅಲ್ಲಿ ಮರಳಿನ ದಿಬ್ಬವಿದೆ. ನಡುವೆ ಅಲೆ ಒಡೆಯದ ಕಪ್ಪು ಪಟ್ಟಿಗಳು ಕಾಣುತ್ತವೆ. ಅಲ್ಲಿ ಆಳ ಇದೆ. ದಡಕ್ಕೆ ಬಂದ ನೀರೆಲ್ಲ ಅದೇ ದಾರಿಯಲ್ಲಿ ಕಡಲಿಗೆ ಮರಳುತ್ತದೆ. ಮರಳಿನಿಂದ ಕೆದಕಿದ ಹುಳು, ಸಿಗಡಿ ಅದರ ಜೊತೆ ಹೋಗುತ್ತವೆ. ಮೀನು ಕಾಯುವುದು ಆ ಪಟ್ಟಿಯ ಅಂಚಿನಲ್ಲಿ. ಶಾಂತವಾಗಿ ಕಾಣುತ್ತದೆ ಎಂದು ಪ್ರವಾಸಿಗರು ಸ್ನಾನಕ್ಕಿಳಿದು ಕೊಚ್ಚಿಹೋಗುವುದೂ ಅಲ್ಲಿಯೇ. ಗಾಳಕ್ಕೆ ಒಳ್ಳೆಯ ಜಾಗ ಈಜಿಗೆ ಕೆಟ್ಟ ಜಾಗ ಎಂದು ಜೊತೆಗೆ ಬಂದ ಮಕ್ಕಳಿಗೆ ಮೊದಲೇ ಹೇಳಿಡಿ. ಮರಳಿನ ಮೀನು ಎಂದರೆ ಕಾಣೆ. ಸಣ್ಣ ಗಾಳ, ಸಿಗಡಿಯ ತುಂಡು, ಸೀಸದ ಗುಂಡು ತಳದ ಮರಳಿನಲ್ಲಿ ಸ್ವಲ್ಪ ಸ್ವಲ್ಪವೇ ಜರುಗುವಂತೆ ಎಳೆತ. ಅದರ ಬಾಯಿ ಚಿಕ್ಕದು. ದೊಡ್ಡ ಗಾಳ ಹಾಕಿಕೊಂಡು ಕಾಣೆ ಕಚ್ಚುವುದಿಲ್ಲ ಎಂದು ದೂರಬೇಡಿ. ತೆಳು ನೀರಿನಲ್ಲಿ ನಡೆಯುವಾಗ ಪಾದ ಎತ್ತಿಡದೆ ಮರಳಿನಲ್ಲಿ ಜಾರಿಸುತ್ತಾ ನಡೆಯಿರಿ. ಮರಳಲ್ಲಿ ಹುದುಗಿ ಮಲಗಿರುವ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ. ತುಳಿದರೆ ಬಾಲದ ಮುಳ್ಳು ಬೀಸುತ್ತದೆ. ಚುಚ್ಚಿಸಿಕೊಂಡರೆ ತಡೆಯುವಷ್ಟು ಬಿಸಿನೀರಿನಲ್ಲಿ ಅದ್ದಿಡಿ, ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆ.

ನನಗೆ ಇವೆಲ್ಲಕ್ಕಿಂತ ಇಷ್ಟ ಅಳಿವೆ. ಗಂಗೊಳ್ಳಿಯ ಬಳಿ ಐದು ನದಿಗಳು ಕೂಡಿ ಕಡಲು ಸೇರುವಲ್ಲಿ, ಇಲ್ಲವೇ ಅಣೆಕಟ್ಟಿಲ್ಲದೆ ಹರಿದುಬರುವ ಅಘನಾಶಿನಿಯ ತದಡಿಯಲ್ಲಿ, ಇಳಿತ ಶುರುವಾದಾಗ ಕಾಂಡ್ಲಾ ಗಿಡಗಳ ಬೇರಿನ ನಡುವಿನಿಂದ ಸಿಗಡಿ, ಮರಿಮೀನುಗಳೆಲ್ಲ ನೀರಿನ ಜೊತೆ ಹೊರಬರಲೇಬೇಕು. ಸೇತುವೆಯ ಕಂಬದ ಹಿಂದೆ, ಸಣ್ಣ ತೋಡು ದೊಡ್ಡ ನೀರಿಗೆ ಬೀಳುವ ಬಾಯಲ್ಲಿ ಕುರುಡಿ ಕಾದಿರುತ್ತದೆ. ಇಂಗ್ಲಿಷಿನವರ ಸೀಬಾಸ್ ಅದೇ. ನದಿಯ ಬಂಡೆ, ಅಳಿವೆಯ ಕಂಬ: ಎರಡರ ಲೆಕ್ಕ ಒಂದೇ ಎನ್ನುವುದನ್ನು ಗಮನಿಸಿ. ಕಂಬದಿಂದಾಚೆ, ನೀರು ಬರುವ ಕಡೆಗೆ ಎಸೆದು ನಕಲಿ ಮೀನನ್ನು ಸೆಳವಿನ ಜೊತೆಗೇ ಕೆಳಕ್ಕೆ ತನ್ನಿ. ಹೆದರಿದ ಮರಿ ಸೆಳವಿಗೆ ಎದುರಾಗಿ ಜೋರಾಗಿ ಓಡುವುದಿಲ್ಲ.

ಕುರುಡಿಯ ಬಗ್ಗೆ ಒಂದು ಸಂಗತಿ ಗೊತ್ತಿರಲಿ. ಅದು ಗಂಡಾಗಿ ಬೆಳೆದು, ಕೆಲವು ವರ್ಷಗಳ ನಂತರ ಹೆಣ್ಣಾಗುತ್ತದೆ. ಅಂದರೆ ಹತ್ತು ಕಿಲೋ ದಾಟಿದ್ದು ಬಹುಮಟ್ಟಿಗೆ ತಾಯಿಯೇ. ಅಲೆತಡೆಯ ಕಲ್ಲುಗಳ ಸಂದಿನ ಮುರು ಮೀನಿನದು ಇದಕ್ಕೆ ತಿರುಗುಮುರುಗು. ಅದು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ದೊಡ್ಡದನ್ನೇ ಆರಿಸಿ ಆರಿಸಿ ಕೊಂದರೆ ಒಂದರಲ್ಲಿ ಹೆಣ್ಣಿಗೆ ಬರ, ಇನ್ನೊಂದರಲ್ಲಿ ಗಂಡಿಗೆ ಬರ. ತಿನ್ನುವುದಕ್ಕೆ ನಡುಗಾತ್ರದ ಮೀನನ್ನು ಇಟ್ಟುಕೊಳ್ಳಿ, ರುಚಿಯೂ ಅದರದೇ ಹೆಚ್ಚು.

ಅಲೆತಡೆಯ ಮೇಲೆ ನಿಲ್ಲುವವರು ಹೊರಡುವ ಮುನ್ನ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಕೊಡುವ ಅಲೆಯ ಮುನ್ಸೂಚನೆ ನೋಡಿ. ಇಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ನಮ್ಮ ದಡಕ್ಕೆ ಬಂದು ಬಡಿಯುವುದುಂಟು. ಕಲ್ಲು ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೆ ಬಂದಿದೆ ಎಂದೇ ಅರ್ಥ. ಅಲ್ಲಿ ನಿಲ್ಲಬೇಡಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳಿಗೇ ನಿಷೇಧವಿರುತ್ತದೆ. ಆಗ ಬಂಡೆಯ ಮೇಲೆ ನಿಂತು ಗಾಳ ಹಾಕುವ ಧೈರ್ಯ ಯಾರಿಗೂ ಬೇಡ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ. ನೀರಿಗೆ ತೋಟೆ (ಸಿಡಿಮದ್ದು) ಹಾಕಿ ಮೀನು ಹಿಡಿಯುವುದು, ವಿಷ ಹಾಕಿ ಹಿಡಿಯುವುದು ಎರಡೂ 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದ ಅಪರಾಧ. ಕೆರೆ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆದಾರರದೋ ಸಹಕಾರ ಸಂಘದ್ದೋ ಆಗಿರುತ್ತದೆ. ಕೇಳದೆ ಕೂರಬೇಡಿ, ಮೀನುಗಾರಿಕೆ ಇಲಾಖೆಯ ಪರವಾನಗಿಯನ್ನೂ ವಿಚಾರಿಸಿ. ವನ್ಯಧಾಮದ ಒಳಗೆ ಗಾಳ ಹಾಕುವಂತಿಲ್ಲ. ಮೇಲೆ ಹೇಳಿದ ಕಾವೇರಿ ಭಾಗದ ಹೆಸರಾಂತ ಗಾಳದ ಶಿಬಿರಗಳಲ್ಲಿ ಮಹಶೀರ್ ಹಿಡಿದು ಬಿಡುವ ಆಟ 2010ರ ದಶಕದ ಆರಂಭದಲ್ಲಿ ನಿಂತದ್ದು ಹಾಗೆ.

ಬಿಡುವ ಮೀನನ್ನು ಬಿಡುವ ಕ್ರಮವೂ ಇದೆ. ಗಾಳದ ಒಳಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಒತ್ತಿ ಮಟ್ಟ ಮಾಡಿಕೊಂಡು ಹೋಗಿ, ಗಾಳ ಸಲೀಸಾಗಿ ಜಾರುತ್ತದೆ. ಒಣಗೈಯಿಂದ ಮುಟ್ಟಬೇಡಿ, ಮೈಯ ಲೋಳೆ ಕಿತ್ತುಬಂದರೆ ಅಲ್ಲಿ ಸೋಂಕು ಹತ್ತುತ್ತದೆ. ಫೋಟೊಕ್ಕೆ ಎತ್ತಿ ಹಿಡಿಯುವುದು ನೀವು ಉಸಿರು ಕಟ್ಟಿರುವಷ್ಟೇ ಹೊತ್ತು. ಆಮೇಲೆ ಮೂತಿಯನ್ನು ನೀರು ಬರುವ ಕಡೆಗೆ ಮಾಡಿ, ಮೆಲ್ಲನೆಯ ಹರಿವಿನಲ್ಲಿ ಹೊಟ್ಟೆಯ ಅಡಿಗೆ ಕೈಯಿಟ್ಟು ಕಾಯಿರಿ. ಮೀನು ತಾನಾಗಿಯೇ ಕೈ ಬಿಡಿಸಿಕೊಂಡು ಹೋಗಬೇಕು. ತಳ್ಳಬೇಡಿ.

ಆ 120 ಪೌಂಡಿನ ಮೀನಿನ ಜಾತಿಗೆ ಏನಾಯಿತು? ಕಾವೇರಿಯ ಮೂಲದ ಮಹಶೀರ್‌ಗೆ ತಲೆಯ ಹಿಂದೆ ಡುಬ್ಬ, ಕಿತ್ತಳೆ ಬಣ್ಣದ ರೆಕ್ಕೆ. 1970ರ ದಶಕದ ನಂತರ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಜಾತಿಯ ಮರಿಗಳನ್ನು ಕಾವೇರಿಗೆ ಬಿಟ್ಟರು, ನದಿಯಲ್ಲಿ ಮಹಶೀರ್ ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ. ಮಹಶೀರ್ ಹೆಚ್ಚಿತು ಕೂಡ. ಕಿತ್ತಳೆ ರೆಕ್ಕೆಯದು ಕಡಿಮೆಯಾಗುತ್ತಾ ಹೋದದ್ದು ಆ ಸಂಭ್ರಮದಲ್ಲಿ ಬಹಳ ವರ್ಷ ಯಾರ ಗಮನಕ್ಕೂ ಬರಲಿಲ್ಲ. ಬಂದದ್ದು ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟಿದ್ದ ಲೆಕ್ಕದಿಂದ. ವಿಜ್ಞಾನಿಗಳು ಆ ಪುಟಗಳನ್ನು ಕೂಡಿಸಿ ನೋಡಿದಾಗ ಒಂದು ಜಾತಿ ಏರುತ್ತಾ ಇನ್ನೊಂದು ಇಳಿಯುತ್ತಾ ಹೋಗಿದ್ದು ಕಂಡಿತು. 2018ರಲ್ಲಿ ಆ ಡುಬ್ಬದ ಮಹಶೀರ್‌ಗೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾಯಿತು. ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಅದು ಸೇರಿತು.

ಆದ್ದರಿಂದ ನಿಮ್ಮ ಚೀಲದಲ್ಲಿ ಒಂದು ನೋಟ್ ಪುಸ್ತಕ ಇರಲಿ. ತಾರೀಖು, ಜಾಗ, ನೀರಿನ ಬಣ್ಣ, ಮಟ್ಟ ಏರುತ್ತಿತ್ತೋ ಇಳಿಯುತ್ತಿತ್ತೋ, ಯಾವ ಎರೆ, ಎಷ್ಟು ಗಂಟೆ ಕೂತಿರಿ, ಯಾವ ಮೀನು, ಎಷ್ಟು ಉದ್ದ, ರೆಕ್ಕೆಯ ಬಣ್ಣ. ಮೀನು ಸಿಕ್ಕ ದಿನ ಎಲ್ಲರೂ ಬರೆಯುತ್ತಾರೆ. ಏನೂ ಸಿಗದೆ ಬಂದ ದಿನವನ್ನೂ ಬರೆಯಿರಿ. ಎಷ್ಟು ಹೊತ್ತಿಗೆ ಎಷ್ಟು ಮೀನು ಎನ್ನುವ ಲೆಕ್ಕ ಹಾಕುವವರಿಗೆ ಆ ಸೊನ್ನೆಗಳೇ ಇಲ್ಲದಿದ್ದರೆ ಉಳಿದ ಪುಟಗಳು ಉಪಯೋಗಕ್ಕೆ ಬರುವುದಿಲ್ಲ.